ಕೆರಿಯಮ್ಮನ ಗುಂಡಿ

ಕೆರಿಯಮ್ಮ ಮನೆ ಹಿಂದೆ ಕಡಿದಾಗಿ ನಿಂತ ಮಣ್ಣಿನ ಧರೆಯ ಬಿರುಕಿಗೆ ಕೈ ತೂರಿಸಿ ಅಳೆದಳು. ಮೊನ್ನೆ ನಾಲ್ಕು ಬೆರಳು ಹಿಡಿಯುತ್ತಿತ್ತು, ಈಗ ಮುಂಗೈ ಪೂರ್ತಿ ಒಳಗೆ ಹೋಯಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇವತ್ತೊಂದು ದಿನ ತಡ್ಕಾ ಮಾರಾಯ್ತಿ" ಎಂದು ಧರೆಗೇ ಹೇಳಿದಳು.

ಒಳಗೆ ಸೊಸೆ ಸರೋಜ ಹತ್ತೊಂಬತ್ತು ದಿನದ ಕೂಸನ್ನು ಒಲೆಯ ಕಾವಿಗೆ ಹಿಡಿದು ಕೂತಿದ್ದಳು. ತವರಿನಲ್ಲಿ ಯಾರೂ ಇಲ್ಲದ ಹುಡುಗಿ, ಹೆರಿಗೆ ಇಲ್ಲೇ ಆಗಿತ್ತು. ಮಗ ದುಗ್ಗಪ್ಪ ಹುಲಿಕಲ್ ಕಡೆ ರಸ್ತೆ ಕೆಲಸಕ್ಕೆ ಹೋಗಿ ವಾರವಾಗಿತ್ತು.

"ಅತ್ತೆ, ಶಾಲೆ ಜಗಲಿಗೆ ಹೋಗಣ. ಮಂಜುನಾಥಪ್ಪಣ್ಣನ ಮನೆಯೋರು ನಿನ್ನೇನೇ ಹೋದ್ರು."

"ಹೋಗೋರು ಹೋಗ್ಲಿ. ಬರ್ಕೊಳ್ಳೋರು ಬರೋ ತನಕ ಈ ಒಲೆ ಬಿಟ್ಟು ನಾ ಏಳಲ್ಲ ಕಣೆ."

ಕಾರ್ಗಲ್ ರಸ್ತೆಯ ಮೇಲಿನ ಆ ಗುಡ್ಡದಲ್ಲಿ ಮೂವತ್ತು ಗುಡಿಸಲುಗಳಿದ್ದವು. ಒಂದಕ್ಕೂ ಕಾಗದವಿರಲಿಲ್ಲ. ತಾಲೂಕು ಕಚೇರಿಯಿಂದ ಗುಮಾಸ್ತರು ಬಂದು ಹಕ್ಕುಪತ್ರಕ್ಕೆ ಹೆಸರು ಬರೆದುಕೊಳ್ಳುತ್ತಾರೆ, ಅದೂ ಒಲೆ ಉರಿಯುವ ಮನೆಯವರದ್ದು ಮಾತ್ರ ಎಂದು ಸುದ್ದಿಯಾಗಿತ್ತು. ಸೋಮವಾರ ಬರುತ್ತೇವೆಂದವರು ಗುರುವಾರವಾದರೂ ಪತ್ತೆಯಿರಲಿಲ್ಲ. ಸರ್ಕಾರದ ಸೋಮವಾರ ಯಾವತ್ತು ಬರುತ್ತದೋ, ಬ್ರಹ್ಮನಿಗೂ ಗೊತ್ತಿಲ್ಲ.

ಕೆರಿಯಮ್ಮನ ಹಟ ಸುಮ್ಮನೆ ಹುಟ್ಟಿದ್ದಲ್ಲ. ಹದಿನೆಂಟು ವರ್ಷದ ಹಿಂದೆ ಹೊಳೆಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದಾಗ, ಏರುವ ನೀರಿಗೆ ಹೆದರಿ ಅವಳು ನಾಲ್ಕು ದಿನ ಮೊದಲೇ ಮನೆ ಬಿಟ್ಟಿದ್ದಳು. ಎಣಿಸಲು ಬಂದವರು 'ಖಾಲಿ' ಎಂದು ಬರೆದುಕೊಂಡು ಹೋದರು. ಗದ್ದೆ ಮುಳುಗಿತು, ಹೆಸರೂ ಮುಳುಗಿತು. ಒಲೆಯ ಕೆಂಡವನ್ನು ಬೋಗುಣಿಯಲ್ಲಿ ತುಂಬಿ, ಬೂದಿ ಮುಚ್ಚಿ, ದೋಣಿಯಲ್ಲಿ ಈಚೆ ತಂದಿದ್ದಷ್ಟೇ ಲಾಭ. ಆ ಬೆಂಕಿಯಿಂದಲೇ ಈ ಗುಡ್ಡದಲ್ಲಿ ಒಲೆ ಹಚ್ಚಿದ್ದಳು.

ಆಗ ಗುಡ್ಡದ ತುಂಬ ಮತ್ತಿ, ಹೊನ್ನೆ ಇದ್ದವು. ಮೂವತ್ತು ಒಲೆಗಳಿಗೆ ಹದಿನೆಂಟು ವರ್ಷದಲ್ಲಿ ಎಷ್ಟು ಸೌದೆ ಬೇಕು! ಮರ ಹೋದವು, ಬುಡವನ್ನೂ ಕಿತ್ತರು. ಗುಡ್ಡದ ತಲೆಯ ಮೇಲೆ ಜಂಬಿಟ್ಟಿಗೆ ಕಲ್ಲು ಕಡಿಯುವ ಕಣಿ ಬಂತು. ನೆಲ ಹಿಡಿದುಕೊಳ್ಳಲು ಒಂದು ಬೇರೂ ಉಳಿಯಲಿಲ್ಲ.

ಇನ್ನು ಧರೆಯ ಬುಡದ ಗುಂಡಿ. ಅದು ಕೆರಿಯಮ್ಮನದೇ. ಗೋಡೆಗೆ ಬಳಿಯುವ ಕೆಮ್ಮಣ್ಣು ಅಲ್ಲಿ ಸಿಕ್ಕಷ್ಟು ನುಣ್ಣಗೆ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಅದನ್ನು ಬಳಿದು, ಅಕ್ಕಿಹಿಟ್ಟಿನಲ್ಲಿ ಅವಳು ಚಿತ್ತಾರ ಬರೆದರೆ ಗುಡಿಸಲು ಎಂದು ಯಾರೂ ಹೇಳುವಂತಿರಲಿಲ್ಲ. "ಹೊಟ್ಟೆಗಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ನಕ್ಕವರೇ ಆಮೇಲೆ ಬುಟ್ಟಿ ಹಿಡಿದು ಬಂದರು. ಮದುವೆ ಮನೆಯವರು ಮೈಲಿಗಟ್ಟಲೆ ದೂರದಿಂದ ಬಂದರು. ಬಂದವರಿಗೆಲ್ಲ ಕೆರಿಯಮ್ಮ ತಾನೇ ಗುದ್ದಲಿ ಹಿಡಿದು ತೋಡಿ ಕೊಟ್ಟಳು. ಭೂಮಿ ಹುಣ್ಣಿಮೆಯ ದಿನ ಬಸುರಿ ಭೂಮಿಗೆಂದು ಅಲ್ಲೇ ಎಡೆ ಇಡುತ್ತಿದ್ದಳು. ಎಡೆ ಇಟ್ಟ ಕೈಯೇ ಮಾರನೇ ವಾರ ಅಗೆಯುತ್ತಿತ್ತು. ಗುಂಡಿ ಆಳವಾಗಿ ಗವಿಯಾಯಿತು, ಕೋಳಿಗಳು ಅದನ್ನೇ ಗೂಡು ಮಾಡಿಕೊಂಡವು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಳೆ ಹಿಡಿಯಿತು. ಕೆರಿಯಮ್ಮ ಕೋಳಿಗಳನ್ನು ಗುಂಡಿಗೆ ಅಟ್ಟಲು ಹೋದಳು. ಒಂದೂ ಒಳಗೆ ಹೋಗಲಿಲ್ಲ. ಅಟ್ಟಿದಷ್ಟೂ ಕೂಗುತ್ತಾ ಅಂಗಳಕ್ಕೇ ಓಡಿಬಂದವು. ಬಗ್ಗಿ ನೋಡಿದರೆ ಗುಂಡಿಯ ತಳದಿಂದ ಕೆಂಪು ನೀರು ಬುಳುಬುಳು ಉಕ್ಕುತ್ತಿತ್ತು. ಒಳಗೆ ಬಂದಳು. ಹಿಂಗೋಡೆಯಲ್ಲಿ ಸರೋಜಳ ಮದುವೆಗೆಂದು ಬರೆದಿದ್ದ ಚಿತ್ತಾರ ನಡುವೆಯೇ ಸೀಳಿತ್ತು.

"ಏಳೇ, ಕೂಸನ್ನ ಎತ್ಕಾ!"

"ಬರ್ಕೊಳ್ಳೋರು..."

"ಹಾಳಾಗಿ ಹೋಗ್ಲಿ, ಏಳು!"

ಸರೋಜ ಕಂಬಳಿಗೊಪ್ಪೆ ಹೊದ್ದು ಕೂಸಿನೊಂದಿಗೆ ಇಳಿದಳು. ಕೆರಿಯಮ್ಮ ಹೊಸಿಲವರೆಗೆ ಬಂದವಳು ಮತ್ತೆ ತಿರುಗಿದಳು. ಹಳೆಯ ಬೋಗುಣಿ ಇಳಿಸಿ, ಕೆಂಡವನ್ನು ಬರಿಗೈಯಲ್ಲೇ ಎತ್ತಿ ಹಾಕಿ, ಬೂದಿ ಮುಚ್ಚಿದಳು. ಕೈ ಸುಟ್ಟಿದ್ದು ಗೊತ್ತಾದದ್ದು ಶಾಲೆ ಜಗಲಿಯಲ್ಲಿ ಕೂತ ಮೇಲೆ. ಮೂರು ಕಲ್ಲು ಹೂಡಿ ಬೆಂಕಿ ಮಾಡುವಷ್ಟರಲ್ಲಿ ಮೇಲಿನಿಂದ ಒಂದು ಸದ್ದು ಬಂತು. ಅದು ಗುಡುಗಲ್ಲ ಎಂದು ಎಲ್ಲರಿಗೂ ತಿಳಿಯಿತು.

ಗುಮಾಸ್ತ ಸೀತಾರಾಮಪ್ಪ ಬಂದದ್ದು ಅದಾಗಿ ಒಂದು ಗಂಟೆಗೆ. ಬಸ್ಸು ಕೆಟ್ಟಿತ್ತಂತೆ. ಕೊಡೆ ಮಡಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಪುಸ್ತಕ ಬಿಚ್ಚಿದರು.

"ಮನೆ ಎಲ್ಲಮ್ಮಾ ನಿಮ್ಮದು?"

ಕೆರಿಯಮ್ಮ ಕೈ ತೋರಿಸಿದಳು. ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಕೆಂಪು ಇಳಿಜಾರು. ಹುಲ್ಲಿನ ಮಾಡಿನ ಒಂದು ಮೂಲೆ ಮಾತ್ರ ಮಣ್ಣಿನಿಂದ ಹೊರಗೆ ಕಾಣುತ್ತಿತ್ತು.

"ಅಲ್ಲಿ ಎಂತದೂ ಇಲ್ವಲ್ಲ?"

"ಮೇಲಿನ ಕಣಿಯೋರ ಕೆಲ್ಸ ಸ್ವಾಮೀ" ಎಂದ ಮಂಜುನಾಥಪ್ಪ. "ಅವ್ರು ತೋಡಿ ತೋಡಿ ಹಿಂಗಾಯ್ತು. ಹಂಗೇ ಬರ್ಕೊಳ್ಳಿ."

ಕೆರಿಯಮ್ಮ ಕೆಮ್ಮಣ್ಣು ಕಚ್ಚಿದ ತನ್ನ ಉಗುರು ನೋಡಿಕೊಂಡಳು. ಸುಮ್ಮನಿದ್ದರೆ ಆಗುತ್ತಿತ್ತು. ಊರೇ ಅವಳ ಪರವಾಗಿತ್ತು. ಆದರೆ ಸುಮ್ಮನಿರುವುದಕ್ಕೂ ಒಂದು ಕಸುವು ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

"ಕಣಿಯೋರು ಮೇಲೆ ತೋಡಿದ್ರು, ಬುಡ ತೋಡಿದ್ದು ನಾನು" ಎಂದಳು. "ಅದನ್ನೂ ಬರ್ಕೊಳ್ಳಿ. ಖಾಲಿ ಅಂತ ಮಾತ್ರ ಬರೀಬೇಡಿ ಸ್ವಾಮೀ. ಒಲೆ ಇಲ್ಲಿದೆ."

ಸೀತಾರಾಮಪ್ಪ ಒಮ್ಮೆ ಗುಡ್ಡ ನೋಡಿದರು, ಒಮ್ಮೆ ಮೂರು ಕಲ್ಲು ನೋಡಿದರು. ಪೆನ್ನು ಜೇಬಿನಲ್ಲೇ ಇತ್ತು. ಹಸಿ ಸೌದೆ ಹೊಗೆಯಾಡಿ ಬೆಂಕಿ ಮಂಕಾಗುತ್ತಿತ್ತು. ಸರೋಜ ಕೂಸನ್ನು ಇನ್ನಷ್ಟು ಹತ್ತಿರ ಹಿಡಿದಳು. ಕೆರಿಯಮ್ಮ ಸುಟ್ಟ ಕೈಯನ್ನು ನೆಲಕ್ಕೂರಿ, ಒಲೆಗೆ ಬಾಯಿಟ್ಟು, ಅವರ ಮುಖ ನೋಡುತ್ತಲೇ ಊದತೊಡಗಿದಳು.