ಮರಿ ಬರುವ ಹಿಂದಿನ ದಿನ

"ಎತ್ತು! ಮೊದ್ಲ ಎತ್ತು ಅದನ್ನ! ಯಾರಪ್ಪನ ಮನಿ ತೊಟ್ಟಲಾ ಇದು?"

ವೀರಭದ್ರಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಅವನ ಗಾಡಿ ಓಡಿಸುವ ನಾನು ಹೊಟ್ಟಿನ ಚೀಲ ಹೊತ್ತು ಬಂದು ಅವನ ಬೆನ್ನ ಹಿಂದೆ ನಿಂತೆ.

"ಮೆಲ್ಲಕ ಮಾತಾಡ್ರಿ ಸಾಹೇಬ್ರ, ಈಗರೆ ಕಣ್ಣು ಮುಚ್ಚೈತಿ," ಅಂದಳು ಗೋದಾವರಿ.

"ಮೆಲ್ಲಕ? ನನ್ನ ಶೆಡ್ಡಿನಾಗ ನಾ ಮೆಲ್ಲಕ ಮಾತಾಡಬೇಕಾ?"

ಸಿಕಂದರಾಬಾದ್ ದಾಟಿ ಶಾಮೀರ್‌ಪೇಟೆ ರಸ್ತೆ ಹಿಡಿದರೆ ಅವನ ಕೋಳಿಫಾರಂ. ಉದ್ದನೆಯ ಶೆಡ್ಡು, ಸುತ್ತ ತಾಡಪತ್ರಿ ಪರದೆ. ಒಳಗೆ ಮೊಣಕಾಲೆತ್ತರದ ರಟ್ಟಿನಿಂದ ಕಟ್ಟಿದ ಹತ್ತು ಸುತ್ತುಗಳು. ಪ್ರತಿ ಸುತ್ತಿನಲ್ಲೂ ಭತ್ತದ ಹೊಟ್ಟು, ಹೊಟ್ಟಿನ ಮೇಲೆ ಹಳೆ ಪೇಪರು, ಮೇಲೆ ಸರಪಳಿಗೆ ತೂಗುಹಾಕಿದ ತಗಡಿನ ಛತ್ರಿ. ಛತ್ರಿಗೆ ನಾಲ್ಕು ಬಲ್ಬು. ಮರುದಿನ ಬೆಳಿಗ್ಗೆ ಐದು ಸಾವಿರ ಮರಿ ಬರಬೇಕಿತ್ತು. ಚಳಿಗಾಲದಲ್ಲಿ ಮರಿ ಬರುವ ಹಿಂದಿನ ದಿನವೇ ಬಲ್ಬು ಹಚ್ಚಿ ನೆಲ ಕಾಯಿಸಿ ಇಡಬೇಕು. ತಣ್ಣನೆ ನೆಲಕ್ಕೆ ಬಿಟ್ಟರೆ ಮರಿಗಳು ಒಂದರ ಮೇಲೊಂದು ಏರಿ ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಆ ಸಂಜೆ ಹತ್ತು ಛತ್ರಿಗಳೂ ಬರೀ ಪೇಪರಿನ ಮೇಲೆ ಉರಿಯುತ್ತಿದ್ದವು.

ಮೂಲೆಯ ಹತ್ತನೇ ಛತ್ರಿಯ ಕೆಳಗೆ ಮರಿ ತರುವ ರಟ್ಟಿನ ಡಬ್ಬಿ. ಅದರಲ್ಲಿ ಗೋದಾವರಿಯ ಮೊಮ್ಮಗ ಮಲಗಿದ್ದ.

ಮಗಳು ಪಿಂಕಿ ಎಂಟು ತಿಂಗಳಿಗೇ ಹಡೆದಿದ್ದಳು. ಅವಳ ಗಂಡ ಅಮೀರ್‌ಪೇಟ್‌ನ ಹಾಸ್ಟೆಲ್ಲೊಂದರಲ್ಲಿ ಅಡುಗೆಯವನು, ತಿಂಗಳಿಗೊಮ್ಮೆ ರಜೆ. ಕೂಸು ಸರ್ಕಾರಿ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ವಾರ ಇತ್ತು. ಮೊನ್ನೆ ಮನೆಗೆ ಕಳಿಸುವಾಗ ನರ್ಸು ಹೇಳಿದ್ದು ಒಂದೇ ಮಾತು: ಬೆಚ್ಚಗೆ ಇಡಿ. ಆ ಪೆಟ್ಟಿಗೆ ನೋಡಿ ಬಂದ ಗೋದಾವರಿ ನನಗೆ ಹೇಳಿದ್ದಳು, "ಹಣಮಂತಣ್ಣ, ಇದು ತತ್ತಿ ಕಾಯಿಸಿ ಮರಿ ಮಾಡೂ ಮಷೀನಿನಂಗ ಐತಿ. ಇದರಾಗ ಏನೂ ದೊಡ್ಡ ವಿದ್ಯಾ ಇಲ್ಲ."

ಹನ್ನೊಂದು ವರ್ಷದಿಂದ ಅವಳು ಆ ಶೆಡ್ಡಿನಲ್ಲಿ ಮರಿ ಸಾಕಿದವಳು. ನೆಲಕ್ಕೆ ಕೆನ್ನೆ ಹಚ್ಚಿ ಬಿಸಿ ಅಳೆಯುತ್ತಾಳೆ. ಮರಿ ಕೊಡುವ ಕಂಪನಿಯ ಡಾಕ್ಟರನ ಥರ್ಮಾಮೀಟರು ತಪ್ಪಬಹುದು, ಅವಳ ಕೆನ್ನೆ ತಪ್ಪುವುದಿಲ್ಲ. ಬಲಹೀನ ಮರಿಗಳನ್ನು ಬೇರೆ ಡಬ್ಬಿಗೆ ಹಾಕಿ ಉಳಿಸುತ್ತಿದ್ದಳು. ಮೊಮ್ಮಗನಿಗೂ ಅದನ್ನೇ ಮಾಡಿದ್ದಳು. ಮೂರು ಬೆರಳು ದಪ್ಪ ಹೊಟ್ಟು, ಅದರ ಮೇಲೆ ಹಳೆ ಸೀರೆ. ಮುಖಕ್ಕೆ ಝಳ ತಾಗಬಾರದೆಂದು ಛತ್ರಿಯ ಸರಪಳಿಯನ್ನು ಒಂದು ಕೊಂಡಿ ಮೇಲಕ್ಕೆ ಏರಿಸಿದ್ದಳು.

ಫಾರಂನಲ್ಲೇ ಇರುವ ಅವರ ಖೋಲಿಗೆ ಸಿಮೆಂಟು ಶೀಟು. ಗೋಡೆಗೂ ಶೀಟಿಗೂ ನಡುವೆ ಗೇಣು ಸಂದು. ಜನವರಿಯ ಗಾಳಿ ಆ ಸಂದಿನಿಂದ ಸೀದಾ ಒಳಗೆ. ಮರಿ ಬರುವ ದಿನಗಳಲ್ಲಿ ಶೆಡ್ಡಿಗೆ ಕರೆಂಟು ಸಾಲದೆಂದು ಖೋಲಿಗಳ ವೈರು ಕಿತ್ತಿಡುವುದು ಇಲ್ಲಿಯ ಪದ್ಧತಿ.

"ಜಾಗ ಖಾಲಿ ಐತಲ್ರಿ," ಅಂದಳು ಗೋದಾವರಿ. "ಮರಿ ಬರೂದ್ರಾಗ ಎತ್ತತೀನಿ. ಹೊಟ್ಟು, ಪೇಪರು ಎಲ್ಲಾ ಬದಲಿ ಮಾಡ್ತೀನಿ."

"ಔಷಧ ಹೊಡದ ಶೆಡ್ಡು ಇದು! ನಾಳಿ ಕಂಪನಿ ಡಾಕ್ಟರ್ ಬರ್ತಾನ. ದವಾಖಾನ್ಯಾಗ ಬಿದ್ದು ಬಂದ ಕೂಸಿನಿಂದ ರೋಗ ಬಡೀತಂದ್ರ ಐದು ಸಾವಿರ ಮರಿ ಸತ್ತು ಹೋಗ್ತಾವ. ತಿಳೀತೇನು?"

"ಹಂಗಾರ ನಮ್ಮ ಖೋಲಿಗೆ ಒಂದು ಬಲ್ಬ್ ಕೊಡ್ರಿ. ಒಂದ ಒಂದು."

"ಇವತ್ತ ನಿನಗ ಕೊಡೂದು, ನಾಳಿ ಬಾಜೂ ಖೋಲಿ ಪಾರ್ವತಿಬಾಯಿ ಕೇಳೂದು. ನಾ ಇಲ್ಲಿ ಕೋಳಿ ಸಾಕ್ಲೋ, ನಿಮ್ಮನ್ನ ಸಾಕ್ಲೋ?"

"ಕೋಳಿ ಸಾಕಾವ್ರು ನಾವ್ರಿ."

ಅವನ ಮುಖ ಕಪ್ಪಿಟ್ಟಿತು. "ಬಾಯಿ ಭಾಳ ಆತು. ಕಂಬಳಿ ಹೊಚ್ಚು, ಸಾಕು. ನಮ್ಮವ್ವ ನನ್ನ ಹಡದಾಗ ಯಾವ ಬಲ್ಬ್ ಇತ್ತು?"

ನಾನು ಚೀಲ ಇಳಿಸಿದೆ. "ಸಾಹೇಬ್ರ, ಗಾಡಿ ಖಾಲಿ ಐತಿ. ತಾಯಿ-ಕೂಸಿನ್ನ ದವಾಖಾನಿಗೆ ಬಿಟ್ಟು ಬರ್ತೀನಿ."

"ಗಾಡಿಗೂ ಔಷಧ ಹೊಡದೈತಿ. ಮಂದಿ ಏರಂಗಿಲ್ಲ." ಆಮೇಲೆ ನನ್ನ ಕಾಲು ನೋಡಿದ. "ನೀ ಔಷಧ ನೀರಾಗ ಅದ್ದಿದ ಬೂಟ್ ಹಾಕ್ಕೊಂಡಿಯಲ್ಲ? ನೀನ ಎತ್ತಿ ಹೊರಗಿಡು."

ಎತ್ತಿದವನು ನಾನೇ. ಇದನ್ನು ಮುಚ್ಚಿಡುವುದಿಲ್ಲ.

ಹದಿನಾಲ್ಕು ವರ್ಷದಿಂದ ಅಂಥ ಡಬ್ಬಿಗಳನ್ನು ಎತ್ತಿದ ಕೈ ಇದು. ನೂರು ಮರಿ ತುಂಬಿದ ಡಬ್ಬಿಗಿಂತ ಅದು ಹಗುರವಿತ್ತು. ತಳ ಬೆಚ್ಚಗಿತ್ತು. ಪರದೆ ದಾಟಿ ಹೊರಗಿನ ಗಾಳಿ ತಾಗಿದಾಗ ಕೂಸು ಬಾಯಿ ತೆರೆಯಿತು, ಅಳಲಿಲ್ಲ. ಖೋಲಿಯ ಹೊಸ್ತಿಲಲ್ಲಿ ಕುಳಿತಿದ್ದ ಪಿಂಕಿಯ ತೊಡೆಯ ಮೇಲೆ ಡಬ್ಬಿ ಇಟ್ಟೆ. ಅವಳು ನನ್ನ ಮುಖ ನೋಡಲಿಲ್ಲ.

ಒಳಗೆ ವೀರಭದ್ರಪ್ಪ ನಿಂತು ಮಾಡಿಸಿದ. ಹೊಟ್ಟು ಬದಲಾಯಿತು, ಪೇಪರು ಬದಲಾಯಿತು, ಔಷಧಿ ಬಿತ್ತು. ಛತ್ರಿ ಒಂದು ಕೊಂಡಿ ಕೆಳಗೆ ಇಳಿಯಿತು. ನಾಲ್ಕೂ ಬಲ್ಬು ಮತ್ತೆ ಬರೀ ಪೇಪರನ್ನು ಕಾಯಿಸತೊಡಗಿದವು.

ಹೊರಡುವ ಮುನ್ನ ಖೋಲಿಯ ಕಡೆ ಹೋದೆ. ಗೋದಾವರಿ ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು.

"ಹೆಂಗದಾನ?"

"ಹಾಲು ಕುಡ್ಯಾಕತ್ತಾನ, ಮಾವಾ," ಅಂದಳು ಪಿಂಕಿ.

ಕುಡಿಯುತ್ತಿದ್ದಾನಲ್ಲ ಅಂದುಕೊಂಡು ನಾನು ಮರಿ ತರಲು ಹ್ಯಾಚರಿಗೆ ಹೋಗಿ ಅಲ್ಲೇ ಮಲಗಿದೆ. ಅಲ್ಲಿಯ ಡ್ರೈವರ್ ಕೋಣೆ ಬೆಚ್ಚಗಿರುತ್ತದೆ.

ಬೆಳಿಗ್ಗೆ ಮಂಜು ಇನ್ನೂ ಹರಿದಿರಲಿಲ್ಲ. ಐವತ್ತು ಡಬ್ಬಿ ಮರಿ ತುಂಬಿಕೊಂಡು ಬಂದು ಗೇಟಿನಲ್ಲಿ ಹಾರ್ನ್ ಹೊಡೆದೆ. ದಿನಾ ಗೇಟು ತೆಗೆಯುವವಳು ಗೋದಾವರಿ. ಅಂದು ಪಾರ್ವತಿಬಾಯಿ ತೆಗೆದಳು.

"ಕೂಸು ಹೋತು ಅಣ್ಣಾ," ಅಂದಳು. "ಬೆಳಕು ಹರಿಯೂದ್ರಾಗ ಮೈ ತಣ್ಣಗ ಆಗಿತ್ತು. ಇಟ್ಟಿಗಿ ಇನ್ನಾ ಬಿಸಿ ಇತ್ತು ನೋಡು."

ಶೆಡ್ಡಿನ ಮುಂದೆ ವೀರಭದ್ರಪ್ಪ ಮಫ್ಲರ್ ಸುತ್ತಿಕೊಂಡು ನಿಂತಿದ್ದ. ಯಾವುದೋ ಸರ್ಕಾರಿ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾದವನು, ನಮ್ಮ ಕಡೆಯವನೇ. ಕೆಲಸಕ್ಕೆ ಸೇಡಂ, ಚಿತ್ತಾಪುರದ ಮಂದಿಯೇ ಬೇಕು ಅವನಿಗೆ. ಕನ್ನಡದ ಮೇಲಿನ ಪ್ರೀತಿ ಅನ್ನುತ್ತಾನೆ. ಸುತ್ತಲ ಊರಿನವರಾದರೆ ಬೈದ ದಿನವೇ ಮನೆಗೆ ಹೋಗುತ್ತಾರೆ. ನಾವು ಎಲ್ಲಿಗೆ ಹೋಗುತ್ತೇವೆ? ಅದು ಅವನಿಗೆ ಗೊತ್ತು.

"ಭಾಳ ಕೆಟ್ಟದ್ದಾತು," ಅಂದ ಅವನು ಖೋಲಿಯ ಕಡೆ ತಿರುಗಿ. "ಆದ್ರ ಮರಿ ಕಾಯಂಗಿಲ್ಲ. ಗೋದಾವರಿ, ಮೊದ್ಲ ಮರಿ ಇಳಿಸಿ ನೀರು ಕುಡಿಸ್ರಿ. ಆಮ್ಯಾಲೆ ಮಣ್ಣಿಗೆ ಹೋಗೀರಂತ. ಸೋಪ್ ಹಚ್ಚಿ ಕೈ ತೊಳ್ಕೊ. ಹೆಣ ಮುಟ್ಟಿದ ಕೈ ಅದು."

ಹೊಸ ಮರಿಗೆ ನೀರು ಅಂದರೆ ಏನೆಂದು ಗೊತ್ತಿರುವುದಿಲ್ಲ. ಸುತ್ತಿಗೆ ಬಿಡುವಾಗ ಕೈಯಲ್ಲಿ ಹಿಡಿದು ಕೊಕ್ಕನ್ನು ಬೆಲ್ಲದ ನೀರಿಗೆ ಅದ್ದಿ ತೋರಿಸಬೇಕು. ಗೋದಾವರಿ ಒಂದೊಂದು ಕೈಗೆ ಎರಡೆರಡು ಹಿಡಿದು ಅದ್ದುವುದನ್ನು ನೋಡಬೇಕು. ವೀರಭದ್ರಪ್ಪನ ಮನೆಯೊಳಗೆ ತತ್ತಿ ಹೋಗುವುದಿಲ್ಲ. ಅವನು ಒಂದು ಮರಿಯನ್ನಾದರೂ ಬರಿಗೈಯಲ್ಲಿ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಗೋದಾವರಿ ಹೊರಗೆ ಬಂದಳು. ಅಳುತ್ತಿರಲಿಲ್ಲ. ಅವನನ್ನು ದಾಟಿ ಗಾಡಿಯ ಹತ್ತಿರ ಬಂದಳು.

"ಅಣ್ಣಾ, ಒಂದು ಡಬ್ಬಿ ಕೊಡು. ಆ ಡಬ್ಬಿ ಹಸಿ ಆಗೈತಿ. ಒಣಾ ಡಬ್ಯಾಗ ಒಯ್ಯತೀನಿ."

"ಡಬ್ಬಿ ಹ್ಯಾಚರಿಗೆ ವಾಪಸ್ ಹೋಗಬೇಕು," ಅಂದ ವೀರಭದ್ರಪ್ಪ. "ಹೊಟ್ಟಿನ ಚೀಲ ಅದಾವಲ್ಲ, ಅದರಾಗ ಸುತ್ತು."

ನಾನು ಗಾಡಿಯ ಹಿಂಬಾಗಿಲು ತೆರೆದೆ. ಮೇಲಿನ ಡಬ್ಬಿ ತೆಗೆದುಕೊಂಡು ಶೆಡ್ಡಿಗೆ ನಡೆದೆ. ಬಾಗಿಲಲ್ಲಿ ಕಾಲು ಅದ್ದುವ ಔಷಧಿ ನೀರಿನ ತೊಟ್ಟಿ ಇದೆ. ದಾಟಿಕೊಂಡು ಹೋದೆ.

"ಏ ಹಣಮಂತಾ! ಕಾಲು! ಕಾಲು ಅದ್ದೋ!"

ಹತ್ತನೇ ಛತ್ರಿಯ ಕೆಳಗೆ ನೂರು ಮರಿಯನ್ನೂ ಸುರಿದೆ. ಬೆಚ್ಚನೆ ಪೇಪರಿನ ಮೇಲೆ ಅವು ಕಾಲೂರಿ ನಿಂತವು. ಖಾಲಿ ಡಬ್ಬಿ ತಂದು ಗೋದಾವರಿಯ ಕೈಗೆ ಕೊಟ್ಟೆ.

"ನಿನ್ನಿ ಸಂಜೀಕ ಮಾಡ್ಬೇಕಿತ್ತು ಇದನ್ನ," ಅಂದಳು. ಅಷ್ಟೇ ಅಂದಳು. ಇವತ್ತಿಗೂ ಅದು ನನ್ನೊಳಗೆ ಮುರಿದ ಮುಳ್ಳು.

ಕೂಸನ್ನು ಡಬ್ಬಿಯಲ್ಲಿಟ್ಟು ಪಿಂಕಿ ಎತ್ತಿಕೊಂಡಳು. ಗೋದಾವರಿ ಖೋಲಿಯ ಬಟ್ಟೆಬರೆಯನ್ನೆಲ್ಲ ಕಟ್ಟಿದ ಗಂಟನ್ನು ತಲೆಗೇರಿಸಿದಳು. ಪಾರ್ವತಿಬಾಯಿ ಫಾರಂನ ಬೂಟು ಬಿಚ್ಚಿ ಬಾಗಿಲ ಮುಂದೆ ಇಟ್ಟಳು, ತಾನೂ ಹೊರಟಳು. ಮರಿ ಇಳಿಸಲು ಬಂದಿದ್ದ ಮತ್ತಿಬ್ಬರು ಹೆಂಗಸರೂ ಬೂಟು ಬಿಚ್ಚಿದರು.

"ಎಲ್ಲಿಗೆ? ನೀವೆಲ್ಲಾ ಎಲ್ಲಿಗೆ?"

"ಮಣ್ಣಿಗ್ರಿ," ಅಂದಳು ಪಾರ್ವತಿಬಾಯಿ.

"ಎಷ್ಟೊತ್ತಿಗೆ ಬರ್ತೀರಿ? ಏ, ಗಾಡಿ ಬಾಗಲಾ ತೆರದೈತಿ! ಮರಿ ಥಂಡಿ ಹಿಡೀತಾವ!"

ಗೋದಾವರಿ ಗೇಟಿನಲ್ಲಿ ನಿಂತು ಒಮ್ಮೆ ತಿರುಗಿದಳು.

"ಕಂಬಳಿ ಹೊಚ್ಚ್ರಿ."

ನಾನು ಗಾಡಿಯ ಕೀಲಿಯನ್ನು ಔಷಧಿ ನೀರಿನ ತೊಟ್ಟಿಗೆ ಹಾಕಿ ಅವರ ಹಿಂದೆ ನಡೆದೆ. ರಸ್ತೆ ಕಾಣದಷ್ಟು ಮಂಜು. ಹಿಂದೆ ನಲವತ್ತೊಂಬತ್ತು ಡಬ್ಬಿಗಳ ಚೀಂವ್‌ಚೀಂವ್ ಒಂದೇ ಸಮನೆ ಏರುತ್ತಿತ್ತು. ಅದರ ನಡುವೆ ವೀರಭದ್ರಪ್ಪನ ದನಿ:

"ಹಣಮಂತಾ! ಬೆಲ್ಲ ಎಷ್ಟು ಹಾಕೂದೋ? ನೀರಿಗೆ ಬೆಲ್ಲ ಎಷ್ಟು?"