ಎಡದಂಡೆಯಲ್ಲಿ ಮೀನಿಲ್ಲದ ಕೆರೆ

ಹೆದರಿಕೆಯನ್ನು ಅಷ್ಟು ಬಾಯಿತುಂಬ, ಅಷ್ಟು ಸೊಗಸಾಗಿ, ಎಳ್ಳಷ್ಟೂ ಸಂಕೋಚವಿಲ್ಲದೆ ಹೇಳಿಕೊಳ್ಳಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ. ಇಪ್ಪತ್ತಾರು ವರ್ಷ ನಗರದ ಬಸ್ಸು ಓಡಿಸಿ ಯಾರ ಸೈಕಲ್ಲಿನ ಮಡ್‌ಗಾರ್ಡಿಗೂ ಒಂದು ಗೀರು ಹಾಕದ ಆ ಗೃಹಸ್ಥರು, ಭಾನುವಾರ ಮಧ್ಯಾಹ್ನ ಬೇಕರಿಯ ಅಟ್ಟದ ಮೇಲೆ, ಹಿಟ್ಟಿನ ಚೀಲಗಳ ನಡುವೆ ಎದ್ದು ನಿಂತು, "ನಡುಗಿಬಿಟ್ಟೆ, ಒಪ್ಕೋತೀನಿ. ಜಾಯ್‌ಸ್ಟಿಕ್ ಕೈಯಿಂದ ಜಾರಿ ಕಾಲ್ಮೇಲೆ ಬಿತ್ತು" ಎಂದು ಆರಂಭಿಸಿದರೆಂದರೆ, ಆ ಆಟವನ್ನು ಅದಾಗಲೇ ಆಡಿ ಮುಗಿಸಿದ್ದ ನಮಗೂ ಮೈ ಜುಮ್ಮೆನ್ನುತ್ತಿತ್ತು. ನಾವು ಕಂಡದ್ದು ಟೀವಿಯಲ್ಲಿ ಓಡಾಡುವ ಬೊಂಬೆಗಳನ್ನು. ಅವರು ಕಂಡದ್ದು ಸಾಕ್ಷಾತ್ ಯಮನನ್ನು.

ನಾವೆಂದರೆ ನಾಲ್ವರು. ಕೊಂಕು ನುಡಿಯದೆ ದಿನ ಕಳೆಯಲಾರದ ಗಣಿತದ ಮೇಷ್ಟ್ರು, ಅಟ್ಟವನ್ನೂ ಅದರ ಮೂಲೆಯ ಟೀವಿಯನ್ನೂ ನಮಗೆ ಬಿಟ್ಟುಕೊಟ್ಟಿದ್ದ ಬೇಕರಿಯವನು, ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನಾನು, ಮತ್ತು ಈ ಚಾಲಕರು. ತಲೆ ನೆರೆಯುವ ಕಾಲಕ್ಕೆ ನಮಗೆ ವಿಡಿಯೋ ಗೇಮಿನ ಹುಚ್ಚು ಹೇಗೆ ಹಿಡಿಯಿತೆಂದು ಕೇಳಿದರೆ ಉತ್ತರವಿಲ್ಲ. ಹುಚ್ಚು ಹೇಳಿ ಕೇಳಿ ಬರುತ್ತದೆಯೇ? ನಾಲ್ವರೂ ಕೂಡಿ ಒಂದು ಆಟ ಕೊಳ್ಳುವುದು, ಅದರ ಡಿಸ್ಕು ವಾರಕ್ಕೊಂದು ಮನೆ ಸುತ್ತುವುದು, ಎಲ್ಲರೂ ಆಡಿದ ಮೇಲೆ ಅಟ್ಟದಲ್ಲಿ ಕೂತು ಯಾರಿಗೆ ಏನನ್ನಿಸಿತೆಂದು ಮನಸ್ಸು ಬಿಚ್ಚಿ ಮಾತಾಡುವುದು, ಇದು ನಮ್ಮ ಪದ್ಧತಿ. ಕೊನೆಯ ಸರದಿ ಯಾವಾಗಲೂ ಚಾಲಕರದು. ಅವರ ಬಾಯಲ್ಲಿ ಕೇಳಿದ ಮೇಲೆ ಆಡಿದರೆ ಆಟ ಸಪ್ಪೆಯಾಗುತ್ತದೆಂದು ಮೇಷ್ಟ್ರೇ ಮಾಡಿದ ಕಟ್ಟಳೆ ಅದು.

ರಜೆಯ ದಿನವೂ ಅವರ ಮೈಮೇಲೆ ಡಿಪೋದ ಬೂದುಬಣ್ಣದ ಕೋಟು ಇರಲೇಬೇಕು. ಕಾಲುಗಳನ್ನು ತುಸು ಅಗಲಿಸಿ, ನೆಲವೇ ಓಲಾಡುತ್ತಿದೆಯೋ ಎಂಬಂತೆ ಹೆಜ್ಜೆ ಊರುತ್ತಾ ಮೆಟ್ಟಿಲೇರಿ ಬರುತ್ತಿದ್ದರು. ಹೇಳುವಾಗ ಕೂತವರಲ್ಲ, ಇಲ್ಲದ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಭೂತಬಂಗಲೆಯ ಮೊಗಸಾಲೆಯಲ್ಲಿ ಗಾಡಿ ತಿರುಗಿಸಿದಂತೆ ಮೈ ತಿರುಗಿಸುತ್ತಾ, ಪ್ರೇತ ಅಡ್ಡ ಬಂದ ಕ್ಷಣಕ್ಕೆ ಬಲಗಾಲಿನಿಂದ ಅಟ್ಟದ ಹಲಗೆಯನ್ನು ಬ್ರೇಕಿನಂತೆ ಒತ್ತಿ, "ಪೋಂ!" ಎಂದು ಕೂಗಿಬಿಡುತ್ತಿದ್ದರು. ಬಸ್ಸಿನಲ್ಲಿ ಅಪ್ಪಿತಪ್ಪಿಯೂ ಹಾರ್ನ್ ಮುಟ್ಟದ ಮನುಷ್ಯ! ಬೇಕರಿಯವನು ಅವರಿಗೆ ಹಾರ್ನಣ್ಣ ಎಂದು ಹೆಸರಿಟ್ಟ, ಅದೇ ನಿಂತುಹೋಯಿತು.

ಅವರು ಆರಿಸುತ್ತಿದ್ದುದೂ ಅಂಥ ಆಟಗಳನ್ನೇ: ಕತ್ತಲೆಯ ಕೋಣೆ, ಕಿರುಗುಟ್ಟುವ ಬಾಗಿಲು, ಹಿಂದಿನಿಂದ ಯಾರದೋ ಉಸಿರು. ಯಾಕಣ್ಣ ಈ ಹಿಂಸೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಬಸ್ಸಲ್ಲಿ ಹೆದರೋ ಹಾಗಿಲ್ಲ ತಂಗಿ. ಹಿಂದೆ ಅರವತ್ತು ಜನ ಕೂತಿರ್ತಾರೆ. ಅದಕ್ಕೇ ಮನೇಲಿ ಹೆದರಿ ಮುಗಿಸಿಬಿಡ್ತೀನಿ" ಎಂದು ನಕ್ಕಿದ್ದರು. ಆ ನಗೆಯನ್ನು ನಾನು ಪೂರ್ತಿ ನಂಬಿದ್ದೆ.

ಪಾಳುಬಿದ್ದ ಆಸ್ಪತ್ರೆಯ ಆಟವೊಂದು ಬಂದಾಗ ಅವರ ವರದಿಯಲ್ಲಿ ಮೊದಲ ಬಾರಿಗೆ ದೂರು ಸೇರಿಕೊಂಡಿತು. "ಭಯ ಸರಿ. ಆದ್ರೆ ಇದು ಮೋಸ. ಆ ದಾದಿ ಎಡಗಡೆಯಿಂದ ಒಂದು ಸುಳಿವೂ ಕೊಡದೆ ಮೇಲೆ ಬೀಳ್ತಾಳಲ್ಲ!" ಎಂದರು. "ಸುಳಿವಿಲ್ದೆ ಏನಣ್ಣ? ಮೊದಲು ಗೋಡೆ ಮೇಲೆ ಅವಳ ನೆರಳು ಅಲ್ಲಾಡುತ್ತಲ್ಲ" ಎಂದು ಬೇಕರಿಯವನು ಸಹಜವಾಗಿ ಹೇಳಿದ. ಚಾಲಕರು ತಮ್ಮ ಟೀವಿ ಹಳೆಯದೆಂದು ಮಾತು ತೇಲಿಸಿದರು. ಮುಂದಿನದು ಮುಳುಗುವ ಹಡಗಿನ ಆಟ. ಅಲ್ಲಿಯೂ ಅದೇ ದೂರು: ಎಡಗಡೆಯ ಬಾಗಿಲು ಹೇಳದೆ ಕೇಳದೆ ಒಡೆದು ನೀರು ನುಗ್ಗುತ್ತದೆ, ಆಟ ಮಾಡಿದವರಿಗೆ ಬುದ್ಧಿ ಇಲ್ಲ. ನಮ್ಮ ಮೂವರಿಗೂ ಆ ಬಾಗಿಲಿನ ಬಿರುಕು ಸ್ಪಷ್ಟವಾಗಿ ಕಂಡಿತ್ತು. ಮೇಷ್ಟ್ರು ಬಿಡುತ್ತಾರೆಯೇ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಎಸೆದೇಬಿಟ್ಟರು. ಯಾವ ಮಾತಿಗೂ ಮುನಿಯದ ಹಾರ್ನಣ್ಣ ಅಂದು ಕೆಂಡವಾದರು. ಕೋಟಿನ ಗುಂಡಿ ಹಾಕಿಕೊಂಡು, ಮಾತಿಲ್ಲದೆ ಮೆಟ್ಟಿಲಿಳಿದರು. ಇಳಿಯುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು.

ಅವರು ಮರೆತು ಹೋಗಿದ್ದ ಡಿಸ್ಕನ್ನು ಕೊಡಲು ಮರುದಿನ ನಾನೇ ಅವರ ಮನೆಗೆ ಹೋದೆ. ಅವರು ಡ್ಯೂಟಿಯ ಮೇಲಿದ್ದರು. ಟೀವಿ ಇರುವ ಕೋಣೆಯಲ್ಲೇ ಅತ್ತಿಗೆಯ ಹೊಲಿಗೆ ಮೆಷಿನ್ನು. ನೀರು ಕೊಡುತ್ತಾ ಅತ್ತಿಗೆ ಗೊಣಗಿದರು: "ಈ ಮನುಷ್ಯನ ಕಣ್ಣಿಗೆ ಹೆಂಡ್ತಿ ಅನ್ನೋಳು ಬೀಳೋದೇ ಇಲ್ಲ ನೋಡು. ಪಕ್ಕದಲ್ಲಿ ಲೋಟ ಇಟ್ರೆ ಉರುಳಿಸ್ತಾರೆ. ಈಗ ಮೆಷಿನ್ನು ಬಲಗಡೆಗೆ ಹಾಕ್ಕೋ ಅಂತ ಹಟ. ಬೆಳಕಿರೋದು ಎಡಗಡೆ ಕಿಟಕೀಲಿ, ನಾನು ಸೂಜಿಗೆ ದಾರ ಪೋಣಿಸೋದು ಹೆಂಗೆ?" ನಾನು ನಕ್ಕೆ. ಆದರೆ ನೀರನ್ನು ಪೂರ್ತಿ ಕುಡಿಯದೆ ಎದ್ದೆ.

ಮೇಷ್ಟ್ರಿಗೆ ಒಳಗೊಳಗೇ ಪಶ್ಚಾತ್ತಾಪವಾಗಿರಬೇಕು. ಈ ಸಲ ಭೂತ ಬೇಡ, ಪಿಶಾಚಿ ಬೇಡ ಎಂದು ಅವರೇ ಒಂದು ಮೀನು ಹಿಡಿಯುವ ಆಟ ತಂದರು. ಒಂದು ಕೆರೆ, ಒಂದು ದಡ, ಒಂದು ಗಾಳ; ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಉಂಗುರ ಏಳುತ್ತದೆ, ಅದು ಅಳಿಸುವುದರೊಳಗೆ ಗಾಳ ಎಸೆಯಬೇಕು. ಅಷ್ಟೇ. ಡಿಸ್ಕು ಮನೆಮನೆ ಸುತ್ತಿ ಬಂದ ಭಾನುವಾರ ಹಾರ್ನಣ್ಣ ಎಂದಿನಂತೆ ಎದ್ದು ನಿಂತು, ಆ ಕೆರೆಯ ಮಂಜನ್ನು, ನಿಶ್ಶಬ್ದವನ್ನು, ದೂರದ ಹಕ್ಕಿಯ ಕೂಗನ್ನು ಎಷ್ಟು ತನ್ಮಯರಾಗಿ ವರ್ಣಿಸಿದರೆಂದರೆ ಬೇಕರಿಯವನು ಕೆಳಗಿನ ಗಿರಾಕಿಯನ್ನೇ ಮರೆತ. ಕೊನೆಗೆ, ಯಾವ ಕಹಿಯೂ ಇಲ್ಲದೆ, "ಒಂದೇ ಬೇಜಾರು. ಎಡದಂಡೇಲಿ ಮೀನೇ ಬಿಟ್ಟಿಲ್ಲ, ಪಾಪ, ಮರೆತಿದ್ದಾರೆ" ಎಂದರು. ಮೇಷ್ಟ್ರು ನನ್ನ ಮುಖ ನೋಡಿದರು. ತಮ್ಮ ದೊಡ್ಡ ಮೀನನ್ನು ಎಡದಂಡೆಯಲ್ಲೇ ಹಿಡಿದೆನೆಂದು ಅವರು ಹಿಂದಿನ ವಾರವಷ್ಟೇ ನನ್ನೆದುರು ಜಂಬ ಕೊಚ್ಚಿದ್ದರು.

ಹದಿನೆಂಟು ವರ್ಷ ಕನ್ನಡಕದ ನಡುವೆಯೇ ಬದುಕಿದವಳು ನಾನು. ಕಣ್ಣಿನ ನರ ಒಣಗುವ ಕಾಯಿಲೆ ನೋಟವನ್ನು ನಡುವಿನಿಂದ ಕದಿಯುವುದಿಲ್ಲ, ಅಂಚಿನಿಂದ, ಕೆಲವರಿಗೆ ಒಂದು ಮಗ್ಗುಲಿನಿಂದಲೇ ಮೊದಲು, ಕದಿಯುತ್ತದೆಂದು ಬಲ್ಲೆ. ನೋವಿಲ್ಲ, ಕೆಂಪಿಲ್ಲ, ಕಪ್ಪು ಕೂಡ ಕಾಣುವುದಿಲ್ಲ. ಇರುವ ವಸ್ತು ಇಲ್ಲವಾಗುತ್ತದೆ, ಅಷ್ಟೆ. ಡಿಪೋದಲ್ಲಿ ವರ್ಷಕ್ಕೊಮ್ಮೆ ಗೋಡೆಯ ಅಕ್ಷರ ಓದಿಸುತ್ತಾರೆ. ನೇರ ನೋಟ ಚೆನ್ನಾಗಿರುವವರು ಗಡಗಡನೆ ಓದಿ ಪಾಸಾಗುತ್ತಾರೆ. ಇವೆಲ್ಲ ಗೊತ್ತಿದ್ದೂ ನಾನು ಅಂದು ಬಾಯಿ ಬಿಡಲಿಲ್ಲ. ಸ್ಟೇರಿಂಗ್ ಬಿಟ್ಟರೆ ಆ ಮನುಷ್ಯರ ಬಳಿ ಏನುಳಿಯುತ್ತದೆ? ಬಿಡದಿದ್ದರೆ ಯಾರ ಗತಿ ಏನು? ಈ ಎರಡು ಭಯಗಳ ನಡುವೆ ಸಿಕ್ಕಿಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ಬೇಕೆಂದೇ ಅವರ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತೆ. ನನ್ನನ್ನು ಕಂಡು ಅವರಿಗೆ ಸಂತೋಷವಾಯಿತು. ಪ್ರತಿ ತಿರುವಿನಲ್ಲೂ ಗೂಬೆಯಂತೆ ಇಡೀ ಕತ್ತನ್ನು ಎಡಕ್ಕೆ ಹೊರಳಿಸಿ ನೋಡುತ್ತಿದ್ದರು. ಪಕ್ಕದ ಮುದುಕಿ, "ಈ ಡ್ರೈವರ್ರು ಎಷ್ಟು ಜೋಪಾನ ನೋಡಮ್ಮ, ಇಂಥೋರು ಸಿಗಲ್ಲ" ಎಂದಳು. ಅದು ಜೋಪಾನವಲ್ಲ, ತಡಕಾಟವೆಂದು ನನಗೊಬ್ಬಳಿಗೇ ಗೊತ್ತಿತ್ತು. ಔಷಧದ ಅಂಗಡಿಯ ತಿರುವಿನಲ್ಲಿ ಮಗುವಿನ ಗಾಡಿ ತಳ್ಳುತ್ತಾ ಹೆಂಗಸೊಬ್ಬಳು ಎಡಗಡೆಯ ಫುಟ್‌ಪಾತಿನಿಂದ ಕೆಳಗಿಳಿದಳು. ನನಗೆ ಕಂಡಳು. ಅವರಿಗೆ ಕಾಣಲಿಲ್ಲ. ನಾನು ಕೂಗಬೇಕೆಂದು ಬಾಯಿ ತೆರೆದೆ; ಸ್ವರ ಹೊರಡಲಿಲ್ಲ. ಅಷ್ಟರಲ್ಲಿ ಅವರ ಕತ್ತು ಹೊರಳಿತು, ಬ್ರೇಕು ಕಿರುಚಿತು, ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಗಾಡಿಯ ಚಕ್ರಕ್ಕೂ ಬಸ್ಸಿಗೂ ಒಂದು ಗೇಣು ಅಂತರ. ಆ ತಾಯಿ ಬೈಯುವುದಕ್ಕೂ ಮರೆತು ಮಗುವನ್ನು ಎದೆಗವಚಿಕೊಂಡು ನಿಂತಿದ್ದಳು. ಹಾರ್ನಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿದರು.

ನಾನು ಮುಂದಿನ ಸ್ಟಾಪಿನಲ್ಲೇ ಇಳಿದು, ಅಂಗಡಿಯವರೆಗೆ ನಡೆದೆ. ಸಂಜೆಯೊಳಗೆ ಅವರ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಭಾನುವಾರ ಎಲ್ಲರೆದುರು ಹೇಳಿದರಾಯಿತೆಂದು ನೆಪ ಹುಡುಕಿದೆ. ಆ ನಾಲ್ಕು ದಿನ ದೂರದಲ್ಲಿ ಆಂಬ್ಯುಲೆನ್ಸಿನ ಸದ್ದು ಕೇಳಿದಾಗಲೆಲ್ಲ ಉಜ್ಜುತ್ತಿದ್ದ ಗಾಜು ಕೈಯಲ್ಲೇ ನಿಲ್ಲುತ್ತಿತ್ತು. ಏನಾದರೂ ಆಗಿದ್ದರೆ ಆ ಪಾಪದಲ್ಲಿ ನನಗೂ ಪಾಲಿತ್ತು; ಇದನ್ನು ಇಂದಿಗೂ ನಾನು ಯಾರ ಮೇಲೂ ಹೊರಿಸಲಾರೆ.

ಭಾನುವಾರ ಬಂದವರೇ ಹಾರ್ನಣ್ಣ ಟೀವಿಯ ಮುಂದೆ ಕೂತರು. "ಮೇಷ್ಟ್ರು ನಂಬಲ್ಲ. ಬನ್ನಿ, ಎಡದಂಡೆ ತೋರಿಸ್ತೀನಿ" ಎಂದು ಆಟ ಹಾಕಿದರು. ನಾವು ಮೂವರೂ ಅವರ ಬೆನ್ನ ಹಿಂದೆ ನಿಂತೆವು. ಕೆರೆ ಮೂಡಿತು. ಎಡಗಡೆ ಒಂದು ಉಂಗುರ ಎದ್ದು ಅಳಿಸಿತು. ಇನ್ನೊಂದು. ಮೂರನೆಯದರಲ್ಲಿ ಮೀನು ಮೈಯೆಲ್ಲ ಮಿಂಚಿಸಿ ಮೇಲಕ್ಕೆ ನೆಗೆದು ಬಿತ್ತು. ಬೇಕರಿಯವನು ಏನೋ ಹೇಳಹೊರಟು ಬಾಯಿಗೆ ಕೈ ಅಡ್ಡ ಹಿಡಿದ. ಹಾರ್ನಣ್ಣ ಗಾಳ ಹಿಡಿದು ನಿಶ್ಚಲರಾಗಿ ಕೂತಿದ್ದರು.

"ನೋಡಿದ್ರಾ? ಒಂದೂ ಇಲ್ಲ" ಎಂದರು.

ಕೊಂಕಿಗೆ ಎಂದೂ ಬರವಿಲ್ಲದ ಮೇಷ್ಟ್ರು ನೆಲ ನೋಡುತ್ತಿದ್ದರು. ಆ ಮೌನ ಬೆಳೆಯುತ್ತಾ ಹೋದಂತೆ ಹಾರ್ನಣ್ಣನ ಭುಜಗಳು ಇಳಿಯುತ್ತಾ ಬಂದವು. ತಿರುಗದೆಯೇ ಕೇಳಿದರು:

"ಇದೆಯಾ ತಂಗಿ?"

"ಇದೆ ಅಣ್ಣ."

"ಎಷ್ಟು?"

"ಮೂರು ಬಂದ್ವು." ಅಷ್ಟರಲ್ಲಿ ಇನ್ನೊಂದು ಎದ್ದಿತು. "ಈಗ ನಾಲ್ಕು."

ಅವರು ಜಾಯ್‌ಸ್ಟಿಕ್ಕನ್ನು ಮೆಲ್ಲಗೆ ಚೀಲದ ಮೇಲಿಟ್ಟರು. ಅಷ್ಟು ಆಟಗಳ ಭಯವನ್ನು ಕುಣಿದು ಕುಣಿದು ಹೇಳಿದ್ದ ಅವರಿಗೆ ಈ ಭಯ ಹೇಳಲು ಸ್ವರವೇ ಸಾಲಲಿಲ್ಲ. ನಾವು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. "ಆಸ್ಪತ್ರೆ ಆಟದ ದಿನದಿಂದ ಅನುಮಾನ ಇತ್ತು. ಡಾಕ್ಟ್ರ ಹತ್ರ ಹೋಗೋಕೆ ಜೀವ ಹೆದರ್ತು. ಅದಕ್ಕೇ ಇಲ್ಲಿ ಬಂದು ಹೇಳ್ತಿದ್ದೆ. ನಿಮ್ಮಲ್ಲಿ ಒಬ್ರಾದ್ರೂ, ಹೌದು, ನಮಗೂ ಎಡಗಡೆ ಕಾಣಲಿಲ್ಲ ಅಂತೀರೇನೋ ಅಂತ. ಒಬ್ರು ಅಂದಿದ್ರೆ ಸಾಕಿತ್ತು. ತಪ್ಪು ಆಟದ್ದು ಅಂದ್ಕೊಂಡು ಸೋಮವಾರ ಗಾಡಿ ತೆಗೀತಿದ್ದೆ." ಸ್ವಲ್ಪ ತಡೆದು, "ಮಂಗಳವಾರ ಆ ಮಗೂನ ಗಾಡಿ ನೀನೂ ನೋಡಿದ್ಯಲ್ಲ ತಂಗಿ. ಆಮೇಲೂ ಬಸ್ಸು ತೆಗೆದೆ" ಎಂದರು. ಅಳಲಿಲ್ಲ. ಮೇಷ್ಟ್ರು ಅತ್ತರು.

ಅಂದೇ ಸಂಜೆ ನಾವು ನಾಲ್ವರೂ ಕೂಡಿ ಅತ್ತಿಗೆಗೆ ಹೇಳಿದೆವು. ಸೋಮವಾರ ಹಾರ್ನಣ್ಣ ಡಿಪೋಗೆ ಹೋದರು, ಬಸ್ಸು ಹತ್ತಲಿಲ್ಲ. ಹೋದ ನೋಟ ಹಿಂತಿರುಗದು, ಉಳಿದದ್ದನ್ನು ಉಳಿಸಿಕೊಳ್ಳಬಹುದೆಂದು ಕಣ್ಣಿನ ಡಾಕ್ಟರು ದಿನಕ್ಕೆರಡು ಸಲ ಹಾಕುವ ಔಷಧ ಬರೆದುಕೊಟ್ಟರು. ಈಗ ಡಿಪೋದ ಗೇಟಿನ ಪಕ್ಕದ ಗೂಡಿನಲ್ಲಿ ಕೂತು ಹೋಗುವ ಬರುವ ಬಸ್ಸುಗಳ ವೇಳೆ ಬರೆಯುತ್ತಾರೆ. ಉಳಿದದ್ದೂ ಹೋದೀತೆಂಬ ಹೆದರಿಕೆ ಅವರನ್ನು ಬಿಟ್ಟಿಲ್ಲ, ನಮ್ಮನ್ನೂ ಬಿಟ್ಟಿಲ್ಲ.

ತಮಗನ್ನಿಸಿದ್ದನ್ನು ನಾಲ್ಕು ಜನರೆದುರು ಹೇಳಲು ವಾರವಿಡೀ ಕಾದು ಓಡಿ ಬರುವವರನ್ನು ನಾವು ಮಾತಿನ ಮಲ್ಲರೆಂದು ನಕ್ಕು, ಮೆಚ್ಚಿ, ಮನೆಗೆ ಹೋಗಿಬಿಡುತ್ತೇವೆ. ಅವರ ವರ್ಣನೆಗಳ ಅಡಿಯಲ್ಲಿ ಒಂದೇ ಒಂದು ಅಂಜುವ ಪ್ರಶ್ನೆ ಉಸಿರಾಡುತ್ತಿರುತ್ತದೆ: ನಿಮಗೂ ಹಾಗೇ ಆಯಿತೇ? ಹೌದೆಂದು ತಲೆಯಾಡಿಸುವ ಗೆಳೆಯರು ಅಂಥವರಿಗೆ ಬೇಕಾದಷ್ಟು ಸಿಗುತ್ತಾರೆ. ಪ್ರೀತಿಯಿಂದ, ಕಣ್ಣಿಗೆ ಕಣ್ಣಿಟ್ಟು, ಇಲ್ಲ, ನನಗೆ ಹಾಗಾಗಲಿಲ್ಲ ಎನ್ನುವ ಒಬ್ಬರು ಸಿಗುವ ತನಕ, ತುಂಬಿದ ಕೋಣೆಯಲ್ಲೂ ಅವರು ಒಬ್ಬರೇ ಹೆದರುತ್ತಾ ಕೂತಿರುತ್ತಾರೆ.