ತೊಟ್ಟಿಯೊಳಗಿನ ಗಾಳಿ

"ನಿಮ್ ಕಾಲೋನಿಯೋರ್ಗೆ ಗುಂಡಿಗಿಳಿಯೋದು ಹೊಸ್ದೇನ್ಲಾ? ಇಳಿಯೋ ಬೋಳಿಮಗ್ನೆ."

ಮ್ಯಾನೇಜರ್ ರುದ್ರಮೂರ್ತಿ ಹೀಗೆ ಅಂದದ್ದು ನನ್ನ ಚಿಕ್ಕಪ್ಪ ಕಾಂತರಾಜುವಿಗೆ. ಚಿಕ್ಕಪ್ಪ ಅಂಗಿ ಬಿಚ್ಚಿ ಮಡಚಿಟ್ಟ. ಸಲಿಕೆ ಹಿಡಿದು ಏಣಿ ಹತ್ತಿ, ತೊಟ್ಟಿಯ ಬಾಯಿಯಲ್ಲಿ ಕೂತು ನನ್ನ ಕಡೆ ನೋಡಿದ. ನಾನು ಹ್ಞೂಂ ಅಂದೆ.

ಕಡೂರಿನ ಹೊರಗಿರುವ ಆ ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ನಾನು ಲ್ಯಾಬಿನವಳು. ನಮ್ಮ ಕಾಲೋನಿಯಲ್ಲಿ ಬಿಎಸ್ಸಿ ಓದಿದ ಮೊದಲ ಹುಡುಗಿ. ಕಾರ್ಖಾನೆಯಲ್ಲಿ ಬೋರಿನ ನೀರು ಕರಟದ ಇದ್ದಿಲು ತುಂಬಿದ ಕಬ್ಬಿಣದ ತೊಟ್ಟಿಯೊಳಗೆ ಹಾದು ಬಣ್ಣ, ವಾಸನೆ ಕಳೆದುಕೊಳ್ಳುತ್ತದೆ. ಕಾಲೇಜಿನಲ್ಲಿ ಇದಕ್ಕೆ ಆಡ್ಸಾರ್ಪ್ಶನ್ ಅಂತ ಬರೆಸಿದ್ದರು. ಬಟ್ಟೆ ನೀರು ಕುಡಿದ ಹಾಗಲ್ಲ; ಕೊಳೆ ಬಂದು ಇದ್ದಿಲಿನ ಮೈಗೆ ಅಂಟಿಕೊಂಡು ನಿಲ್ಲುತ್ತದೆ, ಅಷ್ಟೆ. ಒಂದು ಹಿಡಿ ಇದ್ದಿಲಿನೊಳಗಿನ ಸಣ್ಣ ತೂತುಗಳನ್ನೆಲ್ಲ ಬಿಡಿಸಿ ಹಾಸಿದರೆ ನಾಲ್ಕೈದು ಎಕರೆ ಆಗುತ್ತದಂತೆ. ನಮ್ಮ ಕಾಲೋನಿಯಲ್ಲಿ ಯಾರಿಗೂ ಅಷ್ಟು ಜಮೀನಿಲ್ಲ. ಆ ಮೈಯೆಲ್ಲ ಭರ್ತಿಯಾದ ಮೇಲೆ ನೀರು ಬಸಿದು, ಒಳಗಿಳಿದು ಹಳೆಯ ಇದ್ದಿಲನ್ನು ತೋಡಿ ಹೊರಗೆ ಹಾಕಬೇಕು.

ಇನ್ನೊಂದು ಮಾತನ್ನೂ ಬರೆಸಿದ್ದರು. ಮುಚ್ಚಿದ ತೊಟ್ಟಿಯಲ್ಲಿ ಒದ್ದೆ ಇದ್ದಿಲು ಗಾಳಿಯ ಆಮ್ಲಜನಕವನ್ನೂ ಹಿಡಿದುಕೊಳ್ಳುತ್ತದೆ. ವಾಸನೆಯಿಲ್ಲ, ಉರಿಯಿಲ್ಲ, ಒಳಗಿದ್ದವನಿಗೆ ಗೊತ್ತೇ ಆಗುವುದಿಲ್ಲ. ಇಳಿಯುವ ಮುಂಚೆ ಮೀಟರಿನಲ್ಲಿ ಗಾಳಿ ಅಳೆಯಬೇಕು; ಅದು ನನ್ನ ಕೆಲಸ. ಮೀಟರು ಕೆಟ್ಟು ವರ್ಷವಾಗಿತ್ತು. ರುದ್ರಮೂರ್ತಿಗೆ ಎರಡು ಸಲ ಹೇಳಿದ್ದೆ. ಓದಿದೋಳು ಅಂತ ಕುರ್ಚಿ ಕೊಟ್ಟಿದ್ದೀವಿ, ಅದನ್ನು ಉಳಿಸಿಕೋ ಅಂದಿದ್ದರು. ಆವತ್ತು ಬೆಳಿಗ್ಗೆಯೂ ಅಳೆಯದೆಯೇ ಗಾಳಿ ಸರಿಯಿದೆ ಅಂತ ಬರೆದು ಸಹಿ ಹಾಕಿದ್ದೆ.

ಹತ್ತು ಬುಟ್ಟಿ ಇದ್ದಿಲು ಮೇಲೆ ಬಂತು. ಹನ್ನೊಂದನೆಯದು ಬರಲಿಲ್ಲ. ಮೇಲೆ ನಿಂತು ಬುಟ್ಟಿ ಎಳೆಯುತ್ತಿದ್ದ ಭೈರೇಶ ಕೂಗಿದ, ಚಿಕ್ಕಪ್ಪನ ಸೊಂಟದ ಹಗ್ಗ ಜಗ್ಗಿದ. ನಾಲ್ಕು ಜನ ಸೇರಿ ಎಳೆದು ನೆಲಕ್ಕೆ ಹಾಕಿದಾಗ ಚಿಕ್ಕಪ್ಪನ ತುಟಿ ನೀಲಿಯಾಗಿತ್ತು, ಚಡ್ಡಿ ಒದ್ದೆಯಾಗಿತ್ತು. ಎಷ್ಟೋ ಹೊತ್ತಿಗೆ ಕೆಮ್ಮಿದ. ಕಾಯಿ ಸುಲಿಯುವ ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಬೆಳಗ್ಗೆಯೇ ಕುಡಿದು ಬಂದಿದ್ದಾನೆ ಅಂದರು ರುದ್ರಮೂರ್ತಿ. ಚಿಕ್ಕಪ್ಪ ಜನ್ಮದಲ್ಲಿ ಕುಡಿದವನಲ್ಲ. ಹೆಂಗಸರ ಮುಂದೆ ತೊಡೆ ಮುಚ್ಚಿಕೊಳ್ಳಲು ಕೈಯಲ್ಲಿ ಏನನ್ನೋ ತಡಕುತ್ತಿದ್ದ. ನನ್ನ ವೇಲು ಕೊಟ್ಟೆ.

"ನಂಗೇ ಏನೋ ಆಗೈತೆ ಕಣವ್ವ," ಅಂದ. "ಗಾಳಿ ನೀನೇ ನೋಡಿದ್ಯಲ್ಲ, ಗಾಳೀದೇನೂ ತಪ್ಪಿಲ್ಲ ಬಿಡು."



ತೊಟ್ಟಿಯಲ್ಲಿ ಇನ್ನೂ ಅರ್ಧದಷ್ಟು ಇದ್ದಿಲಿತ್ತು. ರುದ್ರಮೂರ್ತಿ ಭೈರೇಶನಿಗೆ ಇಳಿ ಅಂದರು. ಅವನು ಚಿಕ್ಕಪ್ಪನ ಸೊಂಟದಿಂದ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ. ನಾನು ಏಣಿ ಹತ್ತಿದೆ. ತೊಟ್ಟಿಯ ಮುಚ್ಚಳ ಎಳೆದು ಅದರ ಮೇಲೆ ಕೂತೆ.

"ನಾನು ಗಾಳಿ ನೋಡಿಲ್ಲ ಸಾರ್. ಒಂದ್ ವರ್ಷದಿಂದ ಒಂದ್ ಸಲಾನೂ ನೋಡಿಲ್ಲ."

 ರುದ್ರಮೂರ್ತಿ ಇಳಿಯೇ ಕೆಳಗೆ ಅಂದರು. ಸಹಿ ನಿನ್ನದು, ಜೈಲಿಗೆ ಹೋಗುವವಳೂ ನೀನೇ ಅಂದರು. ಹೌದು ಅಂದೆ. ಇಳಿಯಲಿಲ್ಲ.

ಭೈರೇಶ ಏಣಿಯ ಬುಡಕ್ಕೆ ಬಂದು ನಿಂತ.

"ಹೋದ್ ಸಲ ಇಳ್ದೋನು ನಾನು," ಅಂದ. "ತಲೆ ತಿರುಗ್ತೈತೆ ಅಂದಿದ್ಕೆ ಏನಂದೆ ನೀನು, ಗ್ಯಾಪ್ಕ ಐತಾ?"

ಇತ್ತು. ಬಿಸಿಲಿಗೆ ಹಾಗಾಗುತ್ತೆ ಅಂದಿದ್ದೆ.

ಕೂತ ಕಬ್ಬಿಣ ಸುಡುತ್ತಿತ್ತು. ಕೂತೇ ಇದ್ದೆ. ಕೆಳಗೆ ಚಿಕ್ಕಪ್ಪ ನನ್ನ ಕಡೆಯಿಂದ ಮುಖ ತಿರುಗಿಸಿಕೊಂಡ.